ಹನ್ನೆರಡು ಮೋಟಾರಿಗೆ ಒಂದು ಟಿ.ಸಿ.

ಬೀದರಿನ ಒಂದು ಮದುವೆ ಮಂಟಪ. ಅಕ್ಷತೆ ಮುಗಿದು ಜನರೆಲ್ಲ ಕೆಳಗಿನ ಊಟದ ಹಾಲಿಗೆ ಇಳಿದಿದ್ದರು. ಮೇಲೆ ಖಾಲಿ ಕುರ್ಚಿಗಳ ಸಾಲು, ಅವುಗಳ ನೆತ್ತಿಯ ಮೇಲೆ ಭರ್ರೆಂದು ತಿರುಗುವ ಫ್ಯಾನುಗಳು. ಬಿಳಿ ಅಂಗಿ, ಬಿಳಿ ಟೋಪಿಯ ಒಬ್ಬ ಎತ್ತರದ ಮುದುಕರು ಗೋಡೆಗುಂಟ ನಡೆಯುತ್ತ ಒಂದೊಂದೇ ಬಟನ್ ಆರಿಸುತ್ತಿದ್ದರು. ಮಂಟಪದ ಮ್ಯಾನೇಜರ್ ಓಡಿ ಬಂದ.

"ಯಾರ್ರಿ ನೀವು? ಯಾಕ ಬಂದ್ ಮಾಡ್ಲಿಕತ್ತೀರಿ?"

"ಇಲ್ಲಿ ಯಾರಾದರೂ ಕುಂತಾರೇನ್ರಿ?"

"ಯಾರೂ ಇಲ್ಲ. ಆದ್ರ ಇವ್ರು ಬಾಡಿಗಿ ಕೊಟ್ಟಾರಲ್ರಿ."

"ಬಾಡಿಗಿ ನಿಮಗ ಕೊಟ್ಟಾರ್ರಿ. ನೆಲದಾಗಿನ ಕಲ್ಲಿದ್ದಲಿಗೆ ಕೊಟ್ಟಿಲ್ಲ," ಎಂದು ಅವರು ಮುಂದಿನ ಬಟನ್ ಕಡೆಗೆ ನಡೆದರು.

ನಾನು ಮೆಟ್ಟಿಲ ಬಳಿ ನಿಂತಿದ್ದೆ. ಅವರು ನನ್ನ ಗುರುತಿನವರೆಂದು ಹೇಳಿಕೊಳ್ಳಲು ಆ ಹೊತ್ತಿನಲ್ಲಿ ನಾಚಿಕೆಯಾಯಿತು. ಬೀಗರ ಕಡೆಯ ಮದುವೆ, ರೇಶ್ಮೆ ಸೀರೆ, ಸುತ್ತಲೂ ನೆಂಟರು. ಯಾರದೋ ಮಗುವನ್ನು ಮುದ್ದಾಡುವ ನೆಪ ಮಾಡಿ ಮುಖ ತಿರುಗಿಸಿಕೊಂಡೆ. ಅವರು ನನ್ನನ್ನು ನೋಡಿದ್ದರು. ಮಾತಾಡಿಸದೆ ಪಕ್ಕದಲ್ಲೇ ಇಳಿದು ಹೋದರು. ನನ್ನ ಸಂಕೋಚ ನನಗಿಂತ ಮೊದಲೇ ಅವರಿಗೆ ತಿಳಿದುಬಿಡುತ್ತಿತ್ತು.

ಅವರು ಕಳೆದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಪೇಪರಿನಲ್ಲಿ ಹೆಸರು ಬರುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಯಾರೋ ಫೋಟೋ ತೆಗೆಯಲು ಬಂದಾಗ ಸರಸರನೆ ಕಂಬ ಹತ್ತಿ, ಆತ ಹೋಗುವತನಕ ಇಳಿದಿರಲಿಲ್ಲವಂತೆ. ಭಾಲ್ಕಿ ತಾಲ್ಲೂಕಿನ ಹಲಬರ್ಗಾದವರು. ಲೈನ್‌ಮನ್ ಆಗಿ ನೌಕರಿಗೆ ಸೇರಿ ಲೈನ್‌ಮನ್ ಆಗಿಯೇ ನಿವೃತ್ತರಾದರು. ಕೊನೆಯ ಕೆಲವು ವರ್ಷ ಔರಾದ ಕಡೆ ಚಿಂತಾಕಿ ಸುತ್ತಿನ ಲೈನು ಅವರದಾಗಿತ್ತು. ಅಲ್ಲಿ ದೊಡ್ಡವರು ಸಣ್ಣವರೆನ್ನದೆ ಎಲ್ಲರೂ ಲೈನ್‌ಮನ್ ಕಾಕಾ ಎನ್ನುತ್ತಿದ್ದರು. ನನಗೂ ಅವರು ಕಾಕಾನೇ.

ನಾನು ಬೀದರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಚಿಂತಾಕಿಯಲ್ಲಿ ತವರಿನಿಂದ ನನ್ನ ಪಾಲಿಗೆ ಬಂದ ಮೂರೆಕರೆ ಹೊಲವಿದೆ, ಒಂದು ಬಾವಿಯಿದೆ, ಬಾವಿಗೊಂದು ಮೋಟಾರಿದೆ. ಹೊಲ ಮಾಡುವವನು ತುಕಾರಾಮ. ನಾನು ಭಾನುವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗಿ, ಒಡತಿಯ ಠೀವಿಯಲ್ಲಿ ಬದುವಿನ ಮೇಲೆ ಒಂದು ತಾಸು ನಿಂತು, ಒಂದಿಷ್ಟು ಸೊಪ್ಪು ಕಟ್ಟಿಸಿಕೊಂಡು ಬರುವವಳು. ಅಂಥ ಒಂದು ಭಾನುವಾರ ಕಾಕಾರನ್ನು ಮೊದಲ ಸಲ ನೋಡಿದೆ. ಹೊಲಗಳ ನಡುವಿನ ಟ್ರಾನ್ಸ್‌ಫಾರ್ಮರ್ ಕೆಳಗೆ ಕಣ್ಣು ಮುಚ್ಚಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ನಿಂತಿದ್ದರು.

"ಏನ್ರಿ ಕಾಕಾ, ಹಾಡು ಕೇಳ್ಲಿಕತ್ತೀರೇನು?" ಎಂದೆ.

"ಹಾಡಲ್ರಿ ಟೀಚರ್ರ, ನರಳೂದು ಕೇಳ್ಲಿಕತ್ತೇನಿ. ಒಂಬತ್ತು ಮೋಟಾರ ನಡದಾವ ನೋಡ್ರಿ ಈಗ."

ನಾನು ಸುಮ್ಮನಿರುವವಳಲ್ಲ. ಬದುಗುಂಟ ಸುತ್ತಿ ಎಣಿಸಿ ಬಂದೆ. ಒಂಬತ್ತೇ ಇದ್ದವು. ಸೋಲೊಪ್ಪಲು ಮನಸ್ಸಿಲ್ಲದೆ, ಭಾರ ಹೆಚ್ಚಿದಾಗ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಏಕೆ ಬದಲಾಗುತ್ತದೆಂದು ಕರಿಹಲಗೆಯ ಮುಂದೆ ನಿಂತವಳ ಹಾಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದಕ್ಕ ಇಷ್ಟೆಲ್ಲಾ ಕಾರಣ ಅದಾವೇನ್ರಿ? ನನಗ ಬರೇ ಅದರ ಸಂಕಟ ತಿಳೀತದ," ಎಂದರು. ಅಣಕವಿರಲಿಲ್ಲ. ಅಂದಿನಿಂದ ನಾನು ಅವರೆದುರು ಪಾಠ ಮಾಡುವುದನ್ನು ಬಿಟ್ಟೆ. ಅವರು ನನಗೆ ಪಾಠ ಮಾಡುವುದನ್ನು ಬಿಡಲಿಲ್ಲ.

ಅವರ ಪಾಠ ಎಲ್ಲಿಂದ ಶುರುವಾದರೂ ಕಲ್ಲಿದ್ದಲಿಗೆ ಬಂದು ನಿಲ್ಲುತ್ತಿತ್ತು. ನೌಕರಿಯ ಹೊಸದರಲ್ಲಿ ತರಬೇತಿಗೆಂದು ಒಂದು ವಿದ್ಯುತ್ ಸ್ಥಾವರಕ್ಕೆ ಕರೆದೊಯ್ದಿದ್ದರಂತೆ. ಅಲ್ಲಿ ಒಂದಿಡೀ ಗೂಡ್ಸ್ ರೈಲಿನ ಕಲ್ಲಿದ್ದಲು ಒಂದು ಹೊತ್ತಿನಲ್ಲಿ ಬರಿದಾಗುವುದನ್ನು ನೋಡಿದರಂತೆ. "ನಮ್ಮೂರ ಸ್ಟೇಶನ್ನಿನಾಗ ಗೂಡ್ಸ್ ಗಾಡಿ ಹೋಗೂದು ನೋಡಿದ್ರ ಈಗೂ ನನ್ನ ಎದಿ ಝಲ್ ಅಂತದ್ರಿ. ನೆಲದಾಗ ಅದು ಕೂಡಲಿಕ್ಕೆ ಎಷ್ಟು ಕಾಲ ಹಿಡದಿರಬೇಕು. ನಾವು ನಡು ಮಧ್ಯಾಹ್ನ ಲೈಟ್ ಹಚ್ಚಿ ಕುಂತಿರ್ತೇವಿ. ಇನ್ನೊಬ್ಬರ ದೇಶದ ನೆಲ ಅಗದು, ಹಡಗಿನಾಗ ಹೇರಿ ತಂದು, ಸುಟ್ಟು, ತಂತಿ ಎಳದು, ಕಡೀಗಿ ನಿಮ್ಮ ಬಾವಿ ನೀರು ರೋಡಿನ ಮ್ಯಾಲ ಹರಸ್ತೇವಿ," ಎನ್ನುವರು.

ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ಇದೇ ಪಾಠ. ಸುಳ್ಳೇಕೆ ಹೇಳಲಿ, ಅವರನ್ನು ದೂರದಿಂದಲೇ ಕಂಡು ನಾನು ಎರಡು ಸಲ ಆ ಬಸ್ಸು ಬಿಟ್ಟು ಹಿಂದಿನ ಬಸ್ಸಿಗೆ ಹೋಗಿದ್ದೇನೆ. ತಲೆ ತಿನ್ನುತ್ತಿದ್ದರು. ಮನೆಯಲ್ಲೂ ಹಾಗೆಯೇ. ಅವರ ಮನೆಯವರು ಒಮ್ಮೆ ಅವರೆದುರೇ ನನಗೆ ದೂರು ಹೇಳಿದರು: "ಫ್ರಿಜ್ಜಿನ ಬಾಗಲಾ ತಗಿಯೂಕಿಂತ ಮೊದಲ ಏನ್ ಬೇಕಂತ ಹೊರಗೇ ನಿಂತು ಇಚಾರ ಮಾಡಬೇಕ್ರಿ ನಮ್ಮ ಮನ್ಯಾಗ. ತಗದು ನಿಂತ್ರ ಇವ್ರು ಬಂದು ಹಿಂದ ನಿಂದರ್ತಾರ."

"ನೀರು ಕುಡಿಯೂಕ ಬಂದಿದ್ದೆ," ಎಂದರು ಕಾಕಾ.

"ದಿನಾ ನನ್ನ ಹಿಂದೇ ನೀರಡಿಕಿ ಆಗ್ತದೇನ್ರಿ ನಿಮಗ?"

ಕಾಕಾ ನಕ್ಕರು. ಹೆಂಡತಿಯ ಮಾತಿಗೆ ಅವರು ಎದುರಾಡಿದ್ದನ್ನು ನಾನು ನೋಡಿಲ್ಲ.

ಈಗ ಚಿಂತಾಕಿಯ ಟಿ.ಸಿ. ಕಥೆ ಹೇಳಬೇಕು. ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಟಿ.ಸಿ. ಎನ್ನುತ್ತಾರೆ. ನಮ್ಮ ಹೊಲಗಳ ಟಿ.ಸಿ. ಆರು ಮೋಟಾರು ತಾಳುವಂಥದ್ದು. ಅದಕ್ಕೆ ಜೋತುಬಿದ್ದಿದ್ದವು ಹನ್ನೆರಡು. ಊರಿನ ಕುಡಿಯುವ ನೀರಿನ ಸಣ್ಣ ಮೋಟಾರು ಅದರ ಮೇಲೆ. ಹೊಲಕ್ಕೆ ಕರೆಂಟು ದಿನಕ್ಕೆ ಏಳು ತಾಸು. ಅದು ಬರುವ ಹೊತ್ತಿಗೆ ಬಾವಿಯ ಬಳಿ ಕಾಯುತ್ತ ಕೂರುವವರು ಯಾರು? ಅದಕ್ಕೆ ಎಲ್ಲರೂ ಆಟೋ ಸ್ವಿಚ್ಚು ಹಾಕಿಸಿದ್ದರು. ಕರೆಂಟು ಬಂದೊಡನೆ ಮೋಟಾರನ್ನು ತಾನಾಗಿಯೇ ಶುರು ಮಾಡುವ ಒಂದು ಡಬ್ಬಿ ಅದು. ಮಾಲೀಕ ಸಂತೆಗೆ ಹೋಗಿರಲಿ, ಮದುವೆಗೆ ಹೋಗಿರಲಿ, ನೀರು ಹರಿಯುತ್ತಲೇ ಇರುತ್ತದೆ. ಕಡಲೆಗೆ ಸಾಕಾಗಿ, ಬದು ದಾಟಿ, ಗಾಡಿ ದಾರಿಗೆ ಬಂದರೂ ಹರಿಯುತ್ತದೆ. ಹನ್ನೆರಡೂ ಒಂದೇ ಸಲ ಜಗ್ಗಿದಾಗ ಫ್ಯೂಸು ಹೋಗುತ್ತದೆ. ಯಾರೋ ಅದಕ್ಕೆ ದಪ್ಪ ತಂತಿ ಸುತ್ತುತ್ತಾರೆ. ಮರುದಿನ ಟಿ.ಸಿ.ಯೇ ಸುಡುತ್ತದೆ. ಅದು ರಿಪೇರಿಗೆ ಬೀದರಿಗೆ ಹೋಗಿ ಬರುವತನಕ ಹೊಲಕ್ಕೂ ನೀರಿಲ್ಲ, ಮನೆಗೂ ನೀರಿಲ್ಲ. ಒಂದೇ ಹಂಗಾಮಿನಲ್ಲಿ ಎರಡು ಸಲ ಹೀಗಾಯಿತು.

ಸುಟ್ಟ ಟಿ.ಸಿ. ಇಳಿಸಿ ರಿಪೇರಿಯಾಗಿ ಬಂದದ್ದನ್ನು ಏರಿಸಿದರೆ ಲೈನ್‌ಮನ್ನನ ಕೆಲಸ ಮುಗಿಯಿತು. ಕಾಕಾ ಅಷ್ಟಕ್ಕೆ ಬಿಡಲಿಲ್ಲ. ಹೊಲ ಹೊಲ ತಿರುಗಿ ಪಾಳಿಯ ಮಾತೆತ್ತಿದರು. ಮೊದಲರ್ಧ ಹೊತ್ತು ಆರು ಮೋಟಾರು, ಉಳಿದರ್ಧ ಹೊತ್ತು ಆರು. ಆಟೋ ಸ್ವಿಚ್ಚು ಕಿತ್ತುಹಾಕಿ ಅವರವರ ಪಾಳಿಗೆ ಅವರವರೇ ಬಂದು ಬಟನ್ ಒತ್ತಬೇಕು, ಸಾಕಾದಾಗ ಆರಿಸಬೇಕು. ಎಲ್ಲರೂ ಹೂಂ ಎಂದರು. ಯಾರೂ ಕೀಳಲಿಲ್ಲ. ಇಸ್ಮಾಯಿಲ್ ಚಾಚಾ ಮೊದಲು ತೆಗೆಯಲಿ ಎಂದ ಮಾರುತಿ. ಮಾರುತಿಯದು ಹೊಸ ಮೋಟಾರು, ಅವನು ಮೊದಲು ತೆಗೆಯಲಿ ಎಂದರು ಇಸ್ಮಾಯಿಲ್ ಚಾಚಾ. ಬೀದರಿನಲ್ಲಿ ಕೂತ ಟೀಚರದು ಎಲ್ಲರಿಗಿಂತ ಮೊದಲು ತೆಗೆಸಿರಿ ಎಂದರು ಉಳಿದವರು. ಊರವರ ಮುಂದೆ ನಾನೇ ಯಾಕೆ ಮೊದಲಾಗಬೇಕು ಎಂದು ನಾನೂ ಸುಮ್ಮನಿದ್ದೆ.

ಆ ದಿನಗಳಲ್ಲೇ ಒಮ್ಮೆ ಔರಾದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಕಾಕಾ ಪೇಪರನ್ನು ನನ್ನ ಕಡೆ ಸರಿಸಿದರು. ಕಲ್ಲಿದ್ದಲು, ಎಣ್ಣೆ ಸುಡುವುದನ್ನು ಕಡಿಮೆ ಮಾಡುವ ಬಗ್ಗೆ ದೇಶದೇಶಗಳವರು ಕೂಡಿ ಮಾತಾಡಿದ ಸುದ್ದಿ ಅದರಲ್ಲಿತ್ತು.

"ಇವ್ರಿಗೆ ನಮ್ಮ ಚಿಂತಾಕಿ ಟಿ.ಸಿ. ಜಗಳ ಯಾರು ಹೇಳಿದ್ರು ಅಂತೀನಿ," ಎಂದರು. "ಓದ್ರಿ. ನೀವು ಹಿಂದಿನಿಂದ ಸುಟ್ಟು ಸುಟ್ಟು ಉದ್ಧಾರಾಗೀರಿ, ನೀವು ಮೊದಲ ಬಿಡ್ರಿ ಅಂತಾರ ಇವ್ರು, ಬಡ ದೇಶದಾವ್ರು. ಈಗ ಸುಡಾವ್ರು ನೀವು, ನೀವು ಮೊದಲ ಬಿಡ್ರಿ ಅಂತಾರ ಅವ್ರು, ಸಾವ್ಕಾರ ದೇಶದಾವ್ರು. ಇವ್ರು ಮಾರುತಿ, ಅವ್ರು ಇಸ್ಮಾಯಿಲ್ ಚಾಚಾ."

"ಇಬ್ಬರ ಮಾತೂ ಖರೇ ಅದಲ್ರಿ ಕಾಕಾ."

"ಖರೇ ಅದ. ಅದಕ್ಕೇ ಬಗಿಹರೀವಲ್ದು. ನೀ ಮೊದಲ, ನೀ ಮೊದಲ ಅಂದ್ರ ಮುಗೀಲಾರದ್ದು ಇದು. ಯಾರೂ ಮೊದಲ ಆಗಬಾರದ್ರಿ. ಒಮ್ಮೆಲೇ ಆಗಬೇಕು."

ಮುಂದಿನ ಭಾನುವಾರ ಹನ್ನೆರಡೂ ಮಂದಿಯನ್ನು ಕರೆದರು. ಗುಡಿ ಕಟ್ಟೆಯ ಮೇಲೆ ಕೂಡೋಣವೆಂದು ಒಬ್ಬರು ಅಂದಾಗ, "ಬ್ಯಾಡ್ರಿ, ಸಾಲಿ ಪಡಸಾಲಿ ಆಗ್ಲಿ, ಎಲ್ಲಾರೂ ಒಂದೇ ಸಾಲಿನಾಗ ಕುಂದರಬಹುದು," ಎಂದರು. ಯಾಕೆಂದು ನಾನು ಕೇಳಲಿಲ್ಲ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಮತ್ತು ಚಿಂತಾಕಿಯ ಕಟ್ಟೆಯ ಮೇಲೆ ಯಾವ ಜಾತಿಯವರು ಎಲ್ಲಿ ಕೂರುತ್ತಾರೆಂಬುದು ನನಗೂ ಗೊತ್ತಿತ್ತು. ಎಲ್ಲರೂ ತಂತಮ್ಮ ಆಟೋ ಸ್ವಿಚ್ಚು ಬಿಚ್ಚಿ ತಂದಿದ್ದರು. ನಡುವೆ ಒಂದು ಗೋಣಿಚೀಲ. "ನಾ ಮೂರು ಎಣಿಸ್ತೇನಿ. ಮೂರು ಅಂದಾಗ ಎಲ್ಲಾರೂ ಒಳಗ ಹಾಕಬೇಕು. ಯಾರೂ ಮೊದಲಲ್ಲ, ಯಾರೂ ಕಡೀಕಲ್ಲ." ಮೀಸೆ ಹಣ್ಣಾದವರು ಮಕ್ಕಳ ಹಾಗೆ ಕೈ ಚಾಚಿ ನಿಂತರು. ಮೂರು ಎಂದೊಡನೆ ಹನ್ನೆರಡೂ ಡಬ್ಬಿ ಚೀಲದೊಳಗೆ ಬಿದ್ದವು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಕಾಕಾ ಮಾತ್ರ ನಗದೆ ಡಬ್ಬಣ ತೆಗೆದು ಚೀಲದ ಬಾಯಿ ಹೊಲಿದರು. ಅದನ್ನು ಪಂಚಾಯಿತಿಯ ಕೋಣೆಯಲ್ಲಿಟ್ಟರು.

ಎರಡು ವರ್ಷ ಟಿ.ಸಿ. ಸುಡಲಿಲ್ಲ. ಬಾವಿಗಳ ನೀರು ಕೂಡ ಮೊದಲಿಗಿಂತ ಹೆಚ್ಚು ದಿನ ನಿಂತಿತು. ಪಾಳಿಗೆಂದು ಬಂದವರು ಬದುವಿನ ಮೇಲೆ ಕೂತು ಮಾತಾಡುವುದು ಶುರುವಾಯಿತು. ಮಾರುತಿ ಮತ್ತು ಇಸ್ಮಾಯಿಲ್ ಚಾಚಾ ಒಂದೇ ಬುತ್ತಿ ಬಿಚ್ಚುವುದನ್ನು ನಾನೇ ನೋಡಿದೆ.

ಮೂರನೆಯ ವರ್ಷ ಕಡಲೆ ಹೂವಿಗೆ ಬಂದ ಹೊತ್ತಿಗೆ ತುಕಾರಾಮನ ಮಗಳ ಬಾಣಂತನ ಭಾಲ್ಕಿಯಲ್ಲಿ ಬಂತು. ಅವನು ಎರಡು ವಾರ ಇರುವುದಿಲ್ಲವೆಂದ. ನನ್ನ ಪಾಳಿಗೆ ಬಟನ್ ಒತ್ತಲು ಪಕ್ಕದ ಹೊಲದವರನ್ನು ಕೇಳಿದ್ದರೆ ಸಂತೋಷದಿಂದ ಒಪ್ಪುತ್ತಿದ್ದರು. ಕೇಳಲು ನನಗೆ ಬಿಗುಮಾನ. ಬೀದರಿನ ಅಂಗಡಿಯಲ್ಲಿ ಒಂದು ಹೊಸ ಆಟೋ ಸ್ವಿಚ್ಚು ತೆಗೆದುಕೊಂಡು ಹೋಗಿ, ಯಾರೂ ಇಲ್ಲದ ಹೊತ್ತು ನೋಡಿ, ಮೋಟಾರಿನ ಪೆಟ್ಟಿಗೆಯೊಳಗೆ ನಾನೇ ಜೋಡಿಸಿದೆ. ವಿಜ್ಞಾನದ ಟೀಚರಲ್ಲವೇ, ಆ ವಿದ್ಯೆಗೆ ಕೊರತೆಯಿರಲಿಲ್ಲ. ಎರಡು ವಾರದ ಮಾತು, ಆರರ ಜೊತೆ ನನ್ನದೊಂದು ಏಳನೆಯದು ನಡೆದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡೆ. ಇದನ್ನು ಬರೆಯುವಾಗಲೂ ಆ ವಾದ ನನಗೆ ತಪ್ಪೆನಿಸುವುದಿಲ್ಲ. ಅದೇ ಅದರ ಅಪಾಯ.

ಅದೇ ವಾರ ನಮ್ಮ ಶಾಲೆಯಲ್ಲಿ ಇಂಧನ ಉಳಿತಾಯದ ಕಾರ್ಯಕ್ರಮ. ಕಾಕಾರನ್ನು ಅತಿಥಿಯಾಗಿ ಕರೆಸಬೇಕೆಂದು ತಿಂಗಳ ಹಿಂದೆಯೇ ನಾನು ಹೇಳಿಟ್ಟಿದ್ದೆ. ಮೊದಲು ನನ್ನ ಭಾಷಣ. ಭೂಗೋಳದ ನಕಾಶೆ ತೂಗುಹಾಕಿ, ಎಲ್ಲ ರಾಷ್ಟ್ರಗಳೂ ಕೈಜೋಡಿಸಬೇಕು, ಪ್ರತಿಯೊಬ್ಬ ಪ್ರಜೆಯೂ ತನ್ನ ಹೊಣೆ ಅರಿಯಬೇಕು ಎಂದು ಅರ್ಧ ತಾಸು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಆಮೇಲೆ ಕಾಕಾ ಎದ್ದರು. ಭಾಷಣ ಬರುವುದಿಲ್ಲ, ಏನಾದರೂ ಕೇಳಿದರೆ ಹೇಳುತ್ತೇನೆ ಎಂದರು. ಎಂಟನೆಯ ಕ್ಲಾಸಿನ ಒಬ್ಬ ಹುಡುಗಿ ಎದ್ದು, "ನಾನೊಬ್ಬಾಕಿ ಲೈಟ್ ಬಂದ್ ಮಾಡಿದ್ರ ಏನಾಗ್ತದ್ರಿ?" ಎಂದು ಕೇಳಿದಳು.

"ಛಲೋ ಕೇಳ್ದಿ ತಂಗಿ. ಇಲ್ಲಿ ಕುಂತವರಾಗ ಇನ್ನೂ ಯಾರ ಮನಸ್ಸಿನಾಗ ಇದೇ ಮಾತು ಅದ, ಕೈ ಎತ್ರಿ ನೋಡೂಣು."

ಒಂದು ಕೈ ಎದ್ದಿತು, ಎರಡು ಎದ್ದವು. ನೋಡನೋಡುತ್ತ ಹಾಲಿಗೆ ಹಾಲೇ ಕೈ ಎತ್ತಿತು. ಮಾಸ್ತರರೂ ನಗುತ್ತ ಎತ್ತಿದರು.

"ನೋಡು ತಂಗಿ, ಇಷ್ಟು ಮಂದಿ ಒಬ್ಬೊಬ್ಬರೇ ಇದ್ದೀರಿ," ಎಂದು ಕಾಕಾ ಕೂತುಬಿಟ್ಟರು.

ಅಷ್ಟೇ ಅವರ ಭಾಷಣ. ಚಪ್ಪಾಳೆ ನಿಲ್ಲಲೊಲ್ಲದು. ಕೈ ಎತ್ತದವಳು ಬಹುಶಃ ನಾನೊಬ್ಬಳೇ.

ಆಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕೊಟ್ಟೆ. ಉಳಿದವರು ತಂತಮ್ಮ ಕ್ಲಾಸಿಗೆ ಎದ್ದು ಹೋದ ಮೇಲೆ ಅವರು ಕಪ್ಪು ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದರು: "ಟೀಚರ್ರ, ನಿಮ್ಮ ಬಾವಿ ಪೆಟಿಗಿಯೊಳಗ ಒಂದು ಸಾಮಾನು ಅದ. ಭಾನುವಾರ ಬಂದಾಗ ನೀವೇ ತಗದುಬಿಡ್ರಿ. ನಾ ತಗದ್ರ ಊರಿಗೆ ಗೊತ್ತಾಗ್ತದ."

ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಿಟ್ಟು. ಶಾಲೆಗೆ ಕರೆಸಿ, ಶಾಲು ಹೊದಿಸಿ, ಚಹಾ ಕೊಟ್ಟರೆ ನನ್ನ ಪೆಟ್ಟಿಗೆ ಇಣುಕಿದ ಮಾತು ತೆಗೆಯುವುದೇ ಎಂದು ಮೈಯೆಲ್ಲ ಉರಿಯಿತು. ನೋಡುತ್ತೇನೆ ಎಂದಷ್ಟೇ ಹೇಳಿದೆ. ಭಾನುವಾರ ಚಿಂತಾಕಿಗೆ ಹೋಗಲಿಲ್ಲ. ಶಾಲೆಯ ಕೆಲಸವಿದೆ ಎಂದು ಮನೆಯವರಿಗೆ ಹೇಳಿದೆ, ಕೆಲಸವೇನೂ ಇರಲಿಲ್ಲ. ಮಂಗಳವಾರ ಪಂಚಾಯಿತಿಯಿಂದ ಫೋನು ಬಂತು. ಟಿ.ಸಿ. ಸುಟ್ಟಿತ್ತು.

ಮರು ಭಾನುವಾರ ಎಲ್ಲರೂ ಕೂಡಬೇಕೆಂದು ಕಾಕಾ ಹೇಳಿ ಕಳಿಸಿದ್ದರು. ನಾನು ಬಸ್ಸಿಳಿದು ಮೊದಲು ಹೊಲಕ್ಕೆ ಹೋದೆ. ಆಟೋ ಸ್ವಿಚ್ಚು ಬಿಚ್ಚಿ ಹೆಗಲ ಚೀಲದೊಳಗೆ ಹಾಕಿಕೊಂಡೆ. ಇನ್ನು ಯಾರು ಹುಡುಕಿದರೂ ಸಿಗುವಂತಿರಲಿಲ್ಲ. ಕಡಲೆಯ ಹೂವು ಗಿಡದಲ್ಲೇ ಬತ್ತುತ್ತಿತ್ತು. ಊರೊಳಗೆ ಬರುವಾಗ ಹೆಂಗಸರು ದೂರದ ಹಳೇ ಬಾವಿಯಿಂದ ಕೊಡ ಹೊತ್ತು ಸಾಲಾಗಿ ಬರುತ್ತಿದ್ದರು. ಇಸ್ಮಾಯಿಲ್ ಚಾಚಾನ ತುಂಬು ಬಸುರಿ ಸೊಸೆಯೂ ಅದರಲ್ಲಿದ್ದಳು. "ಬಂದ್ರೇನ್ರಿ ಟೀಚರ್ರ?" ಎಂದು ನಕ್ಕಳು. ನಾನು ಹೆಗಲ ಚೀಲವನ್ನು ಸೆರಗಿನೊಳಗೆ ಸರಿಸಿಕೊಂಡೆ.

ಶಾಲೆಯ ಪಡಸಾಲೆಯಲ್ಲಿ ಮಾತು ಆಗಲೇ ಏರಿತ್ತು. ಹೊಸ ಮೋಟಾರಿನವನೆಂದು ಎಲ್ಲರ ಬೆರಳೂ ಮಾರುತಿಯ ಕಡೆಗೆ. ಅವನು ಮಕ್ಕಳ ಆಣೆ ಇಟ್ಟು ನಾನಲ್ಲ ಎನ್ನುತ್ತಿದ್ದ. ಯಾರೂ ನಂಬಲಿಲ್ಲ.

"ಕಾಕಾ, ದನಿ ಕೇಳಿ ಹೇಳಾವ್ರು ನೀವು. ನಿಮಗ ಗೊತ್ತದ. ಹೆಸರು ಹೇಳ್ರಿ," ಎಂದು ಊರವರು ಕಾಕಾರನ್ನು ಕೇಳಿದರು.

"ಗೊತ್ತದ. ಹೇಳಂಗಿಲ್ಲ."

"ಯಾಕ್ರಿ?"

"ಹೇಳಿದ್ರ ನಾಳಿಂದ ನೀವು ನನಗ ಅಂಜ್ತೀರಿ. ನಾ ಇಲ್ಲದಾಗ ಮತ್ತ ಹಚ್ತೀರಿ."

"ಹಂಗಾದ್ರ ಚೀಲ ಬಿಚ್ರಿ. ಪಾಳಿ ಸಾಕಾತು. ನಮ್ಮ ನಮ್ಮ ಸ್ವಿಚ್ಚು ನಾವು ಒಯ್ತೇವಿ," ಎಂದ ಒಬ್ಬ. ಹೌದು ಹೌದು ಎಂದು ಹಲವು ದನಿ ಕೂಡಿದವು. ಯಾರೋ ಓಡಿಹೋಗಿ ಚೀಲ ಹೊತ್ತು ತಂದು ನಡುವೆ ಒಗೆದರು. ಅದರ ಹೊಲಿಗೆ ಬಿಚ್ಚಿದರೆ ಎರಡು ವರ್ಷದ ಮಾತು ಅಲ್ಲಿಗೆ ಮುಗಿಯಿತು. ಕಾಕಾ ಚೀಲವನ್ನು ನೋಡುತ್ತ ನಿಂತಿದ್ದರು. ಅಷ್ಟು ಎತ್ತರದ ಮನುಷ್ಯ ಅವತ್ತು ಕುಗ್ಗಿ ಕಂಡರು. ಅವರು ನನ್ನ ಕಡೆ ಒಮ್ಮೆಯಾದರೂ ನೋಡಿದ್ದರೆ ನಾನು ಏಳುತ್ತಿರಲಿಲ್ಲವೇನೋ. ನೋಡಲಿಲ್ಲ. ನಾನು ಎದ್ದು ನನ್ನ ಹೆಗಲ ಚೀಲದೊಳಗಿನ ಡಬ್ಬಿಯನ್ನು ತೆಗೆದು ಎಲ್ಲರ ಮುಂದೆ ಇಟ್ಟೆ.

"ಮಾರುತಿ ಅಲ್ರಿ. ನಾ ಹಚ್ಚಿದ್ದೆ," ಎಂದೆ.

ಯಾರೂ ಬೈಯಲಿಲ್ಲ. ಆಮೇಲೆ ಇಸ್ಮಾಯಿಲ್ ಚಾಚಾ ಗಡ್ಡ ನೀವಿಕೊಳ್ಳುತ್ತ ಎದ್ದು, "ಹಮಾರಾ ಬೀ ಏಕ್ ಹೈ ಟೀಚರ್. ನಂದೂ ಒಂದದ," ಎಂದು ನೆಲ ನೋಡಿದರು. ಅವರ ಹಿಂದೆ ಇನ್ನೊಬ್ಬ. ಆಮೇಲೆ ಮತ್ತಿಬ್ಬರು. ಚೀಲ ಬಿಚ್ಚಿರೆಂದು ಕೂಗಿದವನೂ ಅದರಲ್ಲೊಬ್ಬ. ಒಟ್ಟು ಐದು. ಪ್ರತಿಯೊಬ್ಬರೂ ಆರರ ಮೇಲೆ ತನ್ನದೊಂದೇ ಏಳನೆಯದು ಎಂದುಕೊಂಡಿದ್ದರು. ಉಳಿದ ನಾಲ್ವರನ್ನೂ ಕಾಕಾ ಒಬ್ಬೊಬ್ಬರನ್ನಾಗಿ ಕಂಡು, ನೀವೇ ತೆಗೆಯಿರಿ, ನಾನು ತೆಗೆದರೆ ಊರಿಗೆ ಗೊತ್ತಾಗುತ್ತದೆ ಎಂದು ನನಗೆ ಹೇಳಿದ ಮಾತನ್ನೇ ಕಿವಿಯಲ್ಲಿ ಹೇಳಿದ್ದರು. ನಾಲ್ವರೂ ನನ್ನ ಹಾಗೆಯೇ ಸಿಟ್ಟಾಗಿ ಸುಮ್ಮನಿದ್ದರು.

ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಬೋಳು ತಲೆ ನಾನು ನೋಡಿದ್ದು ಅದೇ ಮೊದಲು.

"ಐದಲ್ರಿ, ಆರು," ಎಂದರು. "ಆರನೇದಾಂವ ನಾ. ನಿಮ್ಮ ಮಾನ ಉಳೀಲಿ ಅಂತ ಕಿವ್ಯಾಗ ಹೇಳಿದೆ. ಎಲ್ಲಾರ ನಡುವ ಹುಟ್ಟಿದ ಮಾತನ್ನ ಒಬ್ಬೊಬ್ಬರ ಕಿವ್ಯಾಗ ಹೇಳಬಾರದಿತ್ತು. ಅವತ್ತೇ ಐದೂ ಮಂದೀನ ಕೂಡಿಸಿ ಕುಂದ್ರಿಸಿದ್ರ ಟಿ.ಸಿ. ಉಳೀತಿತ್ತು. ನನಗ ಗೊತ್ತಿತ್ತು, ನಾ ತಡಾ ಮಾಡಿದೆ." ಆಮೇಲೆ ಮಾರುತಿಯ ಕಡೆ ತಿರುಗಿ ಕೈಮುಗಿದರು. "ನಿನ್ನ ಮ್ಯಾಲ ಬಂದಾಗರೆ ಬಾಯಿ ಬಿಡಬೇಕಿತ್ತು. ತಪ್ಪಾತಪ್ಪ."

ಮಾರುತಿ ಗಡಬಡಿಸಿ ಅವರ ಕೈ ಹಿಡಿದುಕೊಂಡ. ಚೀಲ ಬಿಚ್ಚಿದ್ದೇನೋ ನಿಜ, ಹೊಸ ಐದನ್ನು ಒಳಗೆ ಹಾಕಲು ಬಿಚ್ಚಿದೆವು. ಕಾಕಾ ಮತ್ತೆ ಹೊಲಿದರು. ಅವತ್ತಿನಿಂದ ಒಂದು ಹೊಸ ರೂಢಿ ಬಂತು. ಪಾಳಿಗೆ ಬರಲಾಗದವರು ಯಾರಿಗಾದರೂ ಕೇಳಬೇಕು. ಕೇಳಿಸಿಕೊಂಡವರು ಇಲ್ಲ ಎನ್ನಬಾರದು. ಮೊದಲು ಕೇಳಿದವಳು ನಾನು. ಅದರ ನಂತರ ನಮ್ಮ ಟಿ.ಸಿ. ಸುಡಲೇ ಇಲ್ಲ ಎಂದರೆ ಸುಳ್ಳಾದೀತು. ಒಮ್ಮೆ ಸಿಡಿಲಿಗೆ ಸುಟ್ಟಿತು. ನಮ್ಮಿಂದ ಸುಟ್ಟಿಲ್ಲ.

ಮರುವರ್ಷ ಕಾಕಾ ನಿವೃತ್ತರಾಗಿ ಹಲಬರ್ಗಾಕ್ಕೆ ಹೋದರು. ಆ ಮೇಲೆ ಮದುವೆ ಮುಂಜಿಗಳಲ್ಲಿ, ಬಸ್ಸುಗಳಲ್ಲಿ ಸಿಕ್ಕಿದ್ದುಂಟು. ಮೊದಲು ಹೇಳಿದ ಮದುವೆಯಲ್ಲಿ ಮುಖ ತಿರುಗಿಸಿಕೊಂಡದ್ದು ಇಷ್ಟೆಲ್ಲ ಆದ ಮೇಲೆಯೇ. ಮನುಷ್ಯ ಒಂದು ಸಲ ಎದ್ದು ನಿಂತರೆ ಮುಂದೆ ಯಾವಾಗಲೂ ನಿಲ್ಲುತ್ತಾನೆಂದು ನಾನು ಮಕ್ಕಳಿಗೆ ಹೇಳುವುದಿಲ್ಲ.

ಕಳೆದ ತಿಂಗಳು ಶನಿವಾರ ಸಂಜೆ ಸುದ್ದಿ ಬಂತು. ಮಗಳು ಪುಣೆಯಿಂದ ಬರಬೇಕು, ಮಣ್ಣು ಭಾನುವಾರ ಎರಡು ಗಂಟೆಗೆ ಎಂದರು. ರಜೆಯಿದ್ದುದರಿಂದ ನಾನು ಚಿಂತಾಕಿಯಲ್ಲೇ ಇದ್ದೆ. ಆ ವಾರ ಕರೆಂಟು ಬೆಳಿಗ್ಗೆ ಆರರಿಂದ ಒಂದರವರೆಗೆ. ಹಲಬರ್ಗಾ ಟೆಂಪೊದಲ್ಲಿ ಎರಡು ತಾಸಿನ ದಾರಿ. ಒಂದು ದಿನ ನೀರು ಬಿಡದಿದ್ದರೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲವೆಂದಲ್ಲ, ಕೇಳಿದರು. ಇವತ್ತು ಬಿಟ್ಟವರು ನಾಳೆ ಎರಡು ಪಾಳಿಯಲ್ಲೂ ಹಚ್ಚುತ್ತಾರೆ, ಅಲ್ಲಿಂದಲೇ ಶುರುವಾಗುತ್ತದೆ ಎಂದ ಮಾರುತಿ. ಕಡಲೆ ಹೂವಿನಲ್ಲಿತ್ತು. ಮೊದಲ ಪಾಳಿಯವರು ಒಂಬತ್ತೂವರೆಗೆ ಮೋಟಾರು ಆರಿಸಿ ಟೆಂಪೊ ಹತ್ತಿದರು. ನನ್ನದು ಎರಡನೆಯ ಪಾಳಿ. "ನೀವು ಹೋಗ್ರಿ ಟೀಚರ್ರ, ನಾ ಇರ್ತೇನಿ," ಎಂದ ತುಕಾರಾಮ. ಅವನ ಕಣ್ಣು ಕೆಂಪಾಗಿದ್ದವು. ದಿನವೂ ಅವರ ಜೊತೆ ಬದುವಿನ ಮೇಲೆ ಕೂತವನು ಅವನು. ಅವನನ್ನೇ ಕಳಿಸಿ ನಾನು ಮೋಟಾರಿನ ಬಳಿ ಕುಳಿತೆ.

ಒಂದಕ್ಕೆ ಆರಿಸಿ, ನಾವು ಉಳಿದವರು ಇನ್ನೊಂದು ಟೆಂಪೊದಲ್ಲಿ ಹಲಬರ್ಗಾ ಮುಟ್ಟುವಾಗ ಮೂರು ದಾಟಿತ್ತು. ಎಲ್ಲ ಮುಗಿದಿತ್ತು. ಹೊಸ ಮಣ್ಣಿನ ಮೇಲೆ ಹೂವು ಬಿದ್ದಿತ್ತು. ತುಕಾರಾಮ, ಮಾರುತಿ ಹೆಗಲು ಕೊಟ್ಟಿದ್ದರು. ನಮಗೆ ಮುಖ ನೋಡಲು ಸಿಗಲಿಲ್ಲ. ಇಸ್ಮಾಯಿಲ್ ಚಾಚಾ ಮಗುವಿನ ಹಾಗೆ ಅತ್ತರು.

ಮನೆಯಂಗಳದಲ್ಲಿ ಕಾಕಾರ ಮನೆಯವರು ಹೆಂಗಸರ ನಡುವೆ ಗೋಡೆಗೆ ಒರಗಿ ಕೂತಿದ್ದರು. ಬೆಳಗಿನಿಂದ ಅವರು ಅತ್ತಿಲ್ಲವೆಂದು ಯಾರೋ ಹೇಳಿದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು.

"ಪಾಳಿ ಮುಗಿಸಿ ಬಂದ್ರೇನ್ರಿ ಟೀಚರ್ರ?"

"ಹೌದ್ರಿ, ಮುಗಿಸಿ ಬಂದೆ."

"ಛಲೋ ಮಾಡಿದ್ರಿ. ಬಿಟ್ಟು ಬಂದಿದ್ರ ಅವ್ರಿಗೆ ಸಿಟ್ಟು ಬರ್ತಿತ್ತು." ನನ್ನ ಕೈ ಹಿಡಿದುಕೊಂಡು, "ನನಗ ಮಾತ್ರ ನೀವೆಲ್ಲಾ ಬಿಟ್ಟು ಬರಬೇಕಿತ್ತು ಅನಸ್ತದ್ರಿ," ಎಂದರು. ಆಗ ಅತ್ತರು. ನಾನು ಅವರ ಪಕ್ಕದಲ್ಲಿ ಕುಳಿತೆ.